ಕಂಬಳಿ ಹೊದ್ದ ಸೈಕಲ್ಲು

ಗುಡಿಂಗ್, ಐಡಹೋ
೨೧ ಆಗಸ್ಟ್ ೧೯೯೭, ಗುರುವಾರ

ಪ್ರೀತಿಯ ಬೆತ್ತಿರಿ,

ಬೆಳಗಿನ ಜಾವ ಬಿದ್ದ ಕನಸನ್ನು ಹೇಳದೆ ನನಗೆ ಮುಂದಿನ ಸಾಲು ಬರೆಯಲಾಗುವುದಿಲ್ಲ. ನಮ್ಮ ಪಿಕಪ್ಪು ನದಿಯ ನಟ್ಟನಡುವೆ ನಿಂತಿತ್ತು. ನೀರು ಕಿಟಕಿಯವರೆಗೆ ಬಂದಿತ್ತು. ಒಳಗೆ ನೀನು ಟೋಪಿ ಹಾಕಿಕೊಂಡು, ಏನೂ ಆಗಿಲ್ಲದವನ ಹಾಗೆ ಕೂತಿದ್ದೆ. ನಾನು ದಡದಿಂದ ಇಳಿ, ಇಳಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನೀನು ಉತ್ತರ ಹೇಳಲು ಬಾಯಿ ತೆರೆದರೆ ಅದರಲ್ಲಿ ಒಂದು ಹಲ್ಲೂ ಇರಲಿಲ್ಲ. ಎದ್ದು ಕೂತವಳು ಶಿಲುಬೆ ಗುರುತು ಹಾಕಿಕೊಂಡೆ. ಹಲ್ಲು ಬಿದ್ದ ಕನಸು ಒಳ್ಳೆಯದಲ್ಲ ಎಂದು ನನ್ನಮ್ಮ ಹೇಳುತ್ತಿದ್ದಳು, ಯಾಕೆ ಎಂದು ಮಾತ್ರ ಹೇಳದೆ ಹೋದಳು. ಯಾಕೆಂದು ಗೊತ್ತಿಲ್ಲದ್ದಕ್ಕೇ ನನಗೆ ಇನ್ನಷ್ಟು ಭಯ.

ನಿನ್ನ ಹಲ್ಲುನೋವು ಹೇಗಿದೆ? ಲವಂಗದ ಎಣ್ಣೆ ಕಳಿಸಿದ್ದು ಸಿಕ್ಕಿತೆ, ಇಲ್ಲವೇ ಫೌಸ್ತಿನೊ ಅದನ್ನು ತನ್ನ ಹೇಸರಗತ್ತೆಯ ಗಾಯಕ್ಕೆ ಸುರಿದನೆ? ಅವನು ಬೆಟ್ಟದ ಮೇಲಿನ ನಿನ್ನ ಕುರಿ ಬಿಡಾರಕ್ಕೆ ಸಾಮಾನು ಹೊತ್ತು ತರುವಾಗ ದಾರಿಯಲ್ಲಿ ಏನೇನು ಕಮ್ಮಿ ಮಾಡುತ್ತಾನೋ ದೇವರಿಗೇ ಗೊತ್ತು. ಹೋದ ಸಲ ನಾನು ಕಟ್ಟಿದ ಸಾಸೇಜಿನ ಪೊಟ್ಟಣದ ಗಂಟು ನನ್ನ ಗಂಟಲ್ಲ ಎಂದು ನೀನೇ ಬರೆದಿದ್ದೆ. ಮಂಡಿಗೆ ಉಣ್ಣೆಯ ಪಟ್ಟಿ ಸುತ್ತಿಕೋ. ಮೇಲೆ ಈಗಲೇ ಇಬ್ಬನಿ ಹೆಪ್ಪುಗಟ್ಟುತ್ತಿರಬೇಕು. ಇವತ್ತು ಬ್ರೆಡ್ ಸುಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಈ ಕಾಗದದ ಜೊತೆ ಫೌಸ್ತಿನೊ ಕೈಗೆ ಕೊಡುತ್ತೇನೆ. ತಳದಲ್ಲಿ ಶಿಲುಬೆ ಗೀರಿ ಮೊದಲ ತುಂಡನ್ನು ನಾಯಿಗೆ ಹಾಕುವುದನ್ನು ಮರೆಯಬೇಡ. ಬೆಲ್ಟ್ಸ ಮುದಿಯಾಗಿದ್ದಾನೆ, ಅವನಿಗೆ ಮೆತ್ತಗಿನ ಭಾಗ ಕೊಡು.

ಈಗ ಸೈಕಲ್ಲಿನ ವಿಷಯ. ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನಗೆ ಗೊತ್ತಲ್ಲ, ಹೋದ ವರ್ಷದ ಸ್ಪರ್ಧೆಯಲ್ಲಿ ನಮ್ಮ ಮಾಯಲೆನ್‌ಳ ಹಳೆಯ ಸೈಕಲ್ಲಿನ ಫ್ರೇಮು ಬೆಟ್ಟದ ಮೇಲೆ ಸೀಳಿ, ಹುಡುಗಿ ಅದನ್ನು ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಕೊನೆಗೆ ನಡೆದು ಬಂದಳು. ಅಳಲಿಲ್ಲ, ಅದೇ ನನಗೆ ಸಂಕಟ. ಆಮೇಲೆ ಬಾಯ್ಸಿಯಲ್ಲಿ ಸೈಕಲ್ ಕಟ್ಟುವ ಆ ಥೇನ್ ಎಂಬುವನ ಪರಿಚಯವಾಯಿತು. ಅವನು ಚಳಿಗಾಲವೆಲ್ಲ ಕೂತು ಅವಳ ಕಾಲಳತೆಗೆ, ಕೈಯಳತೆಗೆ ಸರಿಯಾಗಿ ಒಂದು ಸೈಕಲ್ಲು ಕಟ್ಟಿದ. ಟೈಟೇನಿಯಮ್ ಎಂಬ ಲೋಹವಂತೆ, ವಿಮಾನಕ್ಕೆ ಹಾಕುವುದಂತೆ. ಹೋದ ಭಾನುವಾರ ಮಾಯಲೆನ್, ಸ್ಪರ್ಧೆಗೆ ಅಭ್ಯಾಸ ಮಾಡುತ್ತಿರುವ ಕೆಚಮ್‌ನಿಂದ ಫೋನ್ ಮಾಡಿ, ಅವನ ವ್ಯಾನಿನ ಇಂಜಿನ್ನು ಕೆಟ್ಟಿದೆ, ನೀನು ಪಿಕಪ್ಪು ತಗೊಂಡು ಬಾಯ್ಸಿಗೆ ಹೋಗಿ ಸೈಕಲ್ಲನ್ನೂ ಅವನನ್ನೂ ಇಲ್ಲಿಗೆ ಕರೆದುಕೊಂಡು ಬಾ ಎಂದಳು. "ಅಮ್ಮಾ, ಈ ಸಲ ನಾನು ಗೆಲ್ಲದಿದ್ರೂ ಪರವಾಗಿಲ್ಲ, ಅವನ ಹತ್ರ ಮಾತ್ರ ಪೋಲೀಸ್ ಥರ ಮಾತಾಡ್ಬೇಡ. ನಂಗೆ ಅವನು ಬೇಕು." ಬೇಕು ಎಂದಳು, ಬೆತ್ತಿರಿ. ಸ್ಕರ್ಟು ಬೇಕು, ಬೂಟು ಬೇಕು ಎಂದು ಕೇಳಿದ ಮಗಳಲ್ಲ ಅವಳು. ಆ ಒಂದು ಮಾತು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ, ಬುಧವಾರ, ಬಾಯ್ಸಿಗೆ ಹೋದೆ. ಅವನ ಕೆಲಸದ ಕೋಣೆ ಒಂದು ಹಳೆಯ ಲಾಳಗಾರನ ಅಂಗಡಿಯ ಹಿಂದೆ ಇದೆ. ಆಳು ಎತ್ತರ, ಕಿವಿ ದೊಡ್ಡವು, ಉಗುರಿನ ಸಂದಿಯಲ್ಲಿ ಕಪ್ಪು. ಕಾಫಿ ಕೊಡುತ್ತಾನೆಂದು ನಾನು ಕಾದೆ, ಅವನು ನೀರು ಕೊಟ್ಟ. ಅವನ ಮನೆಯವರು ಕಾಫಿ, ವೈನು ಎರಡನ್ನೂ ಮುಟ್ಟದ ಬೇರೊಂದು ಕ್ರೈಸ್ತ ಪಂಗಡದವರಂತೆ. ಸರಿ, ಅವರವರ ದೇವರು ಅವರವರಿಗೆ. ಆದರೆ ಬೆಳಿಗ್ಗೆ ಕಾಫಿ ಕುಡಿಯದೆ ನಗುನಗುತ್ತಾ ಇರುವ ಗಂಡಸನ್ನು ನಾನು ಇಷ್ಟು ವಯಸ್ಸಿಗೆ ಮೊದಲ ಸಲ ನೋಡಿದೆ. ಅವನು ಗೋಡೆಯ ಮೇಲಿಂದ ಸೈಕಲ್ಲನ್ನು ಎರಡೇ ಬೆರಳಲ್ಲಿ ಎತ್ತಿ ಕೆಳಗಿಟ್ಟ. ಬಣ್ಣ ಹಚ್ಚಿಲ್ಲ, ಬೂದಿಯ ಬಣ್ಣದ ಲೋಹ, ಬೆಸುಗೆ ಹಾಕಿದ ಕಡೆ ಮಾತ್ರ ಮೀನಿನ ಹೊಟ್ಟೆಯ ಹಾಗೆ ನೀಲಿ ಹೊಳಪು. ನಮ್ಮ ಪಿಕಪ್ಪನ್ನು ಮಾರಿದರೂ ಇದು ಬರುವುದಿಲ್ಲ ಎಂದು ಲಾಳದ ಅಂಗಡಿಯವನು ಹೇಳಿದ. ಥೇನ್ ಇದನ್ನು ನಮ್ಮ ಹುಡುಗಿಗೆ ಸುಮ್ಮನೆ ಕೊಟ್ಟಿದ್ದಾನೆ. ಸುಮ್ಮನೆ! ಯಾವನಾದರೂ ಸುಮ್ಮನೆ ಏನನ್ನಾದರೂ ಕೊಡುತ್ತಾನೆಯೆ? ನೀನು ನನಗೆ ಮೊದಲು ಕೊಟ್ಟದ್ದು ಒಂದು ಕುರಿಯ ಚರ್ಮ, ಅದಕ್ಕೂ ಒಂದು ಕಾರಣವಿತ್ತು.

ಅದನ್ನು ಪಿಕಪ್ಪಿಗೆ ಏರಿಸುವಾಗಲೇ ನನಗೂ ಅವನಿಗೂ ಶುರುವಾಯಿತು. ಅವನು ಒಂದು ಹಲಗೆಗೆ ಕಬ್ಬಿಣದ ಹಿಡಿಕೆ ಬಿಗಿದು, ಹಲಗೆಯನ್ನು ಬಾಡಿಯ ಮುಂಭಾಗಕ್ಕೆ, ನಮ್ಮ ಸೀಟಿನ ಹಿಂದಿನ ಗಾಜಿಗೆ ತಾಗುವ ಹಾಗೆ ಬೋಲ್ಟು ಹಾಕಿದ. ಸೈಕಲ್ಲಿನ ಮುಂದಿನ ಚಕ್ರ ಕಳಚಿ, ಚಕ್ರವಿಲ್ಲದ ಕವಲನ್ನು ಆ ಹಿಡಿಕೆಗೆ ಸಿಕ್ಕಿಸಿ ನಿಲ್ಲಿಸಿದ. ಚಕ್ರ ನಮ್ಮ ಸೀಟಿನ ಹಿಂದೆ ಹೋಯಿತು. ನನಗೆ ಅದು ಸರಿಬರಲಿಲ್ಲ. ಒಂದು ವಸ್ತುವನ್ನು ಅರ್ಧ ಇಲ್ಲಿ ಅರ್ಧ ಅಲ್ಲಿ ಇಡುವವನ ಲೆಕ್ಕ ಏನು? ನಾನು ನಮ್ಮ ದೊಡ್ಡಿಯ ಬಾಗಿಲಿನ ಸರಪಳಿ ತೆಗೆದುಕೊಂಡು ಹೋಗಿದ್ದೆ, ಹೋರಿ ಕಟ್ಟಿದರೂ ಹರಿಯದ್ದು. ಅದನ್ನು ನೋಡಿ ಅವನು ಸೈಕಲ್ಲಿಗೆ ಅಡ್ಡ ನಿಂತ. "ಅಮ್ಮಾವ್ರೇ, ಗೀರಾಗುತ್ತೆ, ದಯವಿಟ್ಟು" ಎಂದ. ನಾನು ನನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಸರಪಳಿಗೆ ತೊಡಿಸಿದೆ. ಒಂದು ಬೀಗ ಬಾಡಿಯ ಕೊಂಡಿಗೆ ಬಿತ್ತು. ಆಮೇಲೆ ಒಂದು ಉಕ್ಕಿನ ತಂತಿ ತೆಗೆದು ಹಿಂದಿನ ಬಾಗಿಲಿಗೆ ಸೇರಿಸಿ ಬೀಗ ಹಾಕಲು ಹೋದರೆ, ಅವನು ತಡೆದ. "ಅದಕ್ಕೆ ಹಾಕ್ಬೇಡಿ. ಈ ಬಾಗಿಲನ್ನ ಅರ್ಧ ಇಳಿಸಿ ಮೇಲಕ್ಕೆತ್ತಿದ್ರೆ ಕೀಲಿಂದ ಕಳಚಿ ಕೈಗೇ ಬರುತ್ತೆ. ಕಳ್ಳ ಸೈಕಲ್ ಜೊತೆ ಬಾಗಿಲನ್ನೂ ಎತ್ಕೊಂಡು ಹೋಗ್ತಾನೆ." ನಿಜ, ಹುಲ್ಲು ತುಂಬುವಾಗ ನಾವೇ ಅದನ್ನು ಎಷ್ಟು ಸಲ ಕಳಚಿಲ್ಲ. ಆದರೆ ನೀನೇ ಹೇಳು, ಕಳ್ಳ ಏನು ಮಾಡುತ್ತಾನೆಂದು ಕಳ್ಳನಲ್ಲದವನಿಗೆ ಹೇಗೆ ಅಷ್ಟು ಚೆನ್ನಾಗಿ ಗೊತ್ತು? ಎರಡನೆಯ ಬೀಗವನ್ನೂ ಕೊಂಡಿಗೇ ಹಾಕಿದೆ. ಎರಡೂ ಬೀಗದ ಕೀಲಿಗಳನ್ನು ಅವನ ಕಣ್ಣೆದುರೇ ಪಿಕಪ್ಪಿನ ಕೀಲಿಗೊಂಚಲಿಗೆ ಸೇರಿಸಿದೆ, ಯಜಮಾನಿ ಯಾರು ಎಂದು ತಿಳಿಯಲಿ ಎಂದು.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಜುಟ್ಟು ಬಿಟ್ಟ ಒಬ್ಬ ಗಂಡಸು ಪಿಕಪ್ಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕುದುರೆ ಕೊಳ್ಳುವವನ ಹಾಗೆ ಬಗ್ಗಿ ನೋಡಿದ. ಎಲ್ಲಿಗೆ ಹೋಗ್ತಿದ್ದೀರಿ, ಈ ಸೈಕಲ್ ಯಾರು ಕಟ್ಟಿದ್ದು ಎಂದು ಕೇಳಿದ. ಥೇನ್ ಬಾಯಿ ತೆರೆದು ಎಲ್ಲವನ್ನೂ ಹೇಳಿಬಿಟ್ಟ, ಸ್ಪರ್ಧೆ ಯಾವತ್ತು, ಯಾವ ಊರು, ಯಾವ ದಾರಿ! ಅವರಿಬ್ಬರೂ ಕಣ್ಣಲ್ಲಿ ಏನೋ ಮಾತಾಡಿಕೊಂಡರು ಎಂದು ನನಗೆ ಅನ್ನಿಸಿತು. ಅಲ್ಲಿಂದ ಹೊರಡುವ ಮುಂಚೆ ನಾನು ಕುದುರೆಯ ಕಂಬಳಿಯನ್ನೂ ಎರಡು ಉಣ್ಣೆ ಚೀಲಗಳನ್ನೂ ಸೈಕಲ್ಲಿನ ಮೇಲೆ ಹೊದಿಸಿ, ಸುತ್ತ ಹಗ್ಗ ಬಿಗಿದೆ. ಚೀಲಗಳಿಗೆ ನಮ್ಮ ಕುರಿಗಳ ವಾಸನೆ ಚೆನ್ನಾಗಿ ಹತ್ತಿತ್ತು, ಯಾವನೂ ಮೂಗು ಹತ್ತಿರ ತರಲಾರ. "ಈಗ ಯಾರೋ ತೀರಿಕೊಂಡ ಹಾಗೆ ಕಾಣುತ್ತೆ" ಎಂದ ಥೇನ್. ನಾನು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೌಂಟನ್ ಹೋಮ್ ಬಂತು. ದೊಮೆಕಾಳ ಖಾನಾವಳಿ ದಾಟಿ ಊಟ ಮಾಡದೆ ಹೋದರೆ ಅವಳು ಮುಂದಿನ ಈಸ್ಟರ್‌ವರೆಗೆ ಮಾತು ಬಿಡುತ್ತಾಳೆ, ನಿನಗೆ ಗೊತ್ತು. ನಾನು ಪಿಕಪ್ಪನ್ನು ಹಿತ್ತಲ ಬಾಗಿಲಿಗೆ ಅಂಟಿಸಿದ ಹಾಗೆ ನಿಲ್ಲಿಸಿದೆ, ಊಟದ ಕೋಣೆಯ ಕಿಟಕಿಯಿಂದ ಕಾಣಲಿ ಎಂದು. ಆದರೆ ಉದ್ದ ಮೇಜಿನಲ್ಲಿ ಕಿಟಕಿಯ ಕಡೆ ಮುಖವಿರುವ ಬೆಂಚು ಭರ್ತಿ. ನನ್ನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದರು. ಎಡಕ್ಕೆ ಒಬ್ಬ ದೊಡ್ಡ ಹೊಟ್ಟೆಯ ಲಾರಿ ಡ್ರೈವರು, ಬಲಕ್ಕೆ ನೆವಾಡಾದಿಂದ ಬಂದ ಗಂಡ ಹೆಂಡತಿ, ಮೇಜಿನ ತುದಿಯಲ್ಲಿ, ಕಿಟಕಿ ಕಾಣದ ಕಡೆ, ಥೇನ್. ಸೂಪಿನ ಪಾತ್ರೆ ಕೈಯಿಂದ ಕೈಗೆ ಬಂತು, ಬೀನ್ಸ್ ಬಂತು, ಬೆಳ್ಳುಳ್ಳಿ ಹಾಕಿದ ಕುರಿಮಾಂಸ ಬಂತು. ವೈನಿನ ಹೂಜಿ ಥೇನ್‌ನ ಹತ್ತಿರ ಬಂದಾಗ ಅವನು ಅದನ್ನು ಮುಟ್ಟದೆ ಮುಂದಕ್ಕೆ ತಳ್ಳಿದ. ಲಾರಿಯವನು ಬಿಟ್ಟಾನೆಯೆ? "ಏನಪ್ಪಾ, ಅತ್ತೆ ಎದುರಿಗಿದ್ದಾರೆ ಅಂತ ಸಂಭಾವಿತನಾ?" ಎಂದು ಕಿಚಾಯಿಸಿದ. ಮೇಜೆಲ್ಲ ನಕ್ಕಿತು. ಥೇನ್ ಕಿವಿ ಕೆಂಪು ಮಾಡಿಕೊಂಡು, "ಇನ್ನೂ ಅತ್ತೆ ಆಗಿಲ್ಲ, ಪರೀಕ್ಷೆ ನಡೀತಾ ಇದೆ" ಎಂದ. ಆ ಉತ್ತರ ನನಗೆ ಒಳಗೊಳಗೇ ಹಿಡಿಸಿತು. ಹಿಡಿಸಿದ್ದಕ್ಕೇ ಇನ್ನೂ ಹುಷಾರಾದೆ. ಒಳ್ಳೆ ಮಾತು ಬರುವವರನ್ನು ಕಂಡರೆ ನಾನು ನನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.

ಮಾಂಸದ ತಟ್ಟೆ ನಮ್ಮ ಹತ್ತಿರ ಬರುವಷ್ಟರಲ್ಲಿ ಅವನು ಎದ್ದ. "ಒಂದು ನಿಮಿಷ ಬಂದೆ" ಎಂದು ಹಿತ್ತಲ ಕಡೆಗೆ ಹೋದ. ಒಂದು ನಿಮಿಷದಲ್ಲಿ ಬರಲಿಲ್ಲ. ಬಂದಾಗ ಕೈ ಒದ್ದೆ, ಬೆರಳಿಗೆ ಕರಿ ಗ್ರೀಸು ಅಂಟಿತ್ತು, ಜೇಬು ಜೋತುಬಿದ್ದಿತ್ತು. ನಾನು ಕೇಳಲಿಲ್ಲ, ಮಾಯಲೆನ್‌ಗೆ ಮಾತು ಕೊಟ್ಟಿದ್ದೆನಲ್ಲ. ಆದರೆ ಮಾಂಸದ ತಟ್ಟೆಯನ್ನು ಮುಟ್ಟದೆ ಮುಂದಕ್ಕೆ ದಾಟಿಸಿದೆ. ಅಷ್ಟರಲ್ಲಿ ದೊಮೆಕಾ ಬಂದು ನನ್ನ ಪಕ್ಕ ತೂರಿಕೊಂಡು ಕೂತು, ತನ್ನ ಸೊಸೆಯ ಕಥೆ ಶುರು ಮಾಡಿದಳು. ನಾನು ಹೂಂ ಎನ್ನುತ್ತ, ಹೂಂ ಎನ್ನುತ್ತ, ಕೊನೆಗೆ ತಾಳಲಾರದೆ ಕತ್ತು ತಿರುಗಿಸಿ ಕಿಟಕಿಯಲ್ಲಿ ನೋಡಿದೆ. ಪಿಕಪ್ಪು ಇರಲಿಲ್ಲ. ಬೆತ್ತಿರಿ, ಪಿಕಪ್ಪೇ ಇರಲಿಲ್ಲ! ಬೇರಾವುದೋ ವ್ಯಾನೊಂದು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು, ನಮ್ಮದರ ಸುಳಿವೇ ಇಲ್ಲ.

ಆಮೇಲೆ ನಾನು ಆಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ, ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು. ನಾನು ಎದ್ದು ನಿಂತೆ. ಬೆಂಚು ಹಿಂದಕ್ಕೆ ಜರುಗಿತು, ತುದಿಯಲ್ಲಿದ್ದ ನೆವಾಡಾದ ಹೆಂಗಸು ಕೆಳಗೆ ಬಿದ್ದಳು. "ನೀನು ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳೋನು! ಆ ಜುಟ್ಟಿನವನು ನಿನ್ನ ಜೊತೆಗಾರ ತಾನೆ? ನನ್ನ ಹುಡುಗೀನ ಹಾದಿ ಮೇಲೆ ನಿಲ್ಲಿಸೋಕೆ ಬಂದಿದೀಯ. ತೆಗಿ, ಜೇಬಲ್ಲಿ ಏನಿದೆ ತೆಗಿ!" ಎಂದೆ. ಅವನು ನನ್ನನ್ನೇ ನೋಡಿದ. ನಿಧಾನವಾಗಿ ಜೇಬಿಗೆ ಕೈ ಹಾಕಿ ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಒಂದು ಕರವಸ್ತ್ರ, ಒಂದು ಪಾನಾ, ಆಮೇಲೆ ಸೈಕಲ್ಲಿನ ಎರಡು ಪೆಡಲು. ಮಾಯಲೆನ್‌ಳ ಸೈಕಲ್ಲಿನವೇ, ಹೊಳೆಯುತ್ತಿದ್ದವು. "ನೋಡಿ! ನೋಡಿದ್ರಾ! ಕಳ್ಳನ ಜೇಬಲ್ಲೇ ಇದೆ!" ಎಂದು ನಾನು ಕಿರುಚಿದ್ದು ಬೀದಿಗೂ ಕೇಳಿಸಿರಬೇಕು. ಲಾರಿಯವನು ತೋಳು ಮಡಿಸಿ ಎದ್ದೇಬಿಟ್ಟ.

ಥೇನ್ ಆಗ ಮಾತಾಡಿದ, ಮೆಲ್ಲಗೆ. "ಅಮ್ಮಾವ್ರೇ, ಚಕ್ರ ಸೀಟಿನ ಹಿಂದೇನೇ ಇತ್ತಲ್ಲ, ಅದನ್ನ ಸಿಕ್ಕಿಸ್ಕೊಂಡ್ರೂ ಪೆಡಲ್ ಇಲ್ದಿದ್ರೆ ಯಾರೂ ಹತ್ತಿ ಓಡಿಸ್ಕೊಂಡು ಹೋಗೋಕಾಗಲ್ಲ ಅಂತ ಬಿಚ್ಕೊಂಡ್ಬಂದೆ. ಕಿಟಕಿಗೆ ಬೆನ್ನು ಹಾಕಿ ಕೂತಿದ್ರಿ, ಊಟ ಮಾಡ್ತಿರ್ಲಿಲ್ಲ ನೀವು. ನಂಗೂ ಅದೇ ಚಿಂತೆ." ಆಮೇಲೆ ಕೇಳಿದ, "ಕೀಲಿ ಎಲ್ಲಿದೆ?" ನಾನು ಏಪ್ರನ್ನಿನ ಜೇಬು ತಡಕಿದೆ. ಕೋಟಿನ ಜೇಬು ತಡಕಿದೆ. ಚೀಲವನ್ನು ಮೇಜಿನ ಮೇಲೆ ಸುರಿದೆ. ಕೊನೆಗೆ ನನ್ನ ಕೈಯೇ ನೆನಪಿಸಿತು, ನಲವತ್ತು ವರ್ಷದಿಂದ ಮಾಡಿದ್ದನ್ನೇ ಮಾಡಿದ್ದೆ. ಪಿಕಪ್ಪು ನಿಲ್ಲಿಸಿದೆ, ಇಳಿದೆ, ಕೀಲಿಯನ್ನು ಅದರಲ್ಲೇ ಬಿಟ್ಟು ಬಂದೆ. ನಮ್ಮಲ್ಲಿ ಯಾರು ಕೀಲಿ ತೆಗೆಯುತ್ತಾರೆ? ದಾರಿಗೆ ಅಡ್ಡ ಇದ್ದರೆ ಯಾರಾದರೂ ಸರಿಸಲಿ ಎಂದು ಬಿಡುವುದೇ ಪದ್ಧತಿ. ಸರಪಳಿ, ತಂತಿ, ಎರಡು ಬೀಗ, ಕಂಬಳಿ, ಚೀಲ, ಇಷ್ಟೆಲ್ಲ ಮಾಡಿ, ಎಲ್ಲದರ ಕೀಲಿಗಳನ್ನು ಒಂದೇ ಗೊಂಚಲಿಗೆ ಸೇರಿಸಿ, ಗೊಂಚಲನ್ನು ಸ್ಟೇರಿಂಗಿನ ಪಕ್ಕ ನೇತಾಡಿಸಿ, ಬಾಗಿಲೂ ಹಾಕದೆ ಬಂದಿದ್ದೆ. "ಗಾಡಿಯಲ್ಲೇ" ಎಂದೆ. ಯಾರೂ ನಗಲಿಲ್ಲ. ಎಲ್ಲರೂ ತಟ್ಟೆ ನೋಡಿದರು. ನಕ್ಕಿದ್ದರೆ ಚೆನ್ನಾಗಿತ್ತು.

ಆಗ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ದೊಮೆಕಾಳ ಭಾವ ಎರ್ರಾಮುನ್ ಬಂದ. ಕಣ್ಣು ಮಂಜಾಗಿದ್ದರೂ ಮನೆಗೆಲಸ ಬಿಡದ ಮುದುಕ. ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ಗ್ರಾಶಿಯಾನಾ, ನಿನ್ನ ಕುರಿ ನೀರು ಮುಟ್ತಿಲ್ಲ ಕಣೇ. ಬದುಕೋದು ನಂಗೆ ಅನುಮಾನ" ಎಂದ. ಯಾವ ಕುರಿ ಎಂದಳು ದೊಮೆಕಾ. "ಅದೇ ಕಣೇ, ಪಿಕಪ್ಪಲ್ಲಿ ಕಂಬಳಿ ಹೊದ್ಕೊಂಡು ಮಲಗಿದೆಯಲ್ಲ. ಮಾಂಸದ ವ್ಯಾನು ಬಂತು, ಅಡ್ಡ ಇತ್ತು, ಸರಿಸ್ದೆ. ಕಾಯಿಲೆ ಕುರಿ, ಬಿಸಿಲಲ್ಲಿ ಯಾಕೆ ಅಂತ ಕಾಲುವೆ ಹತ್ರ ಮರದ ನೆರಳಿಗೆ ಒಯ್ದು ಬಿಟ್ಟೆ. ಬಕೆಟ್ಟಲ್ಲಿ ನೀರೂ ಇಟ್ಟಿದೀನಿ." ಆಗ ಮೇಜು ನಕ್ಕಿತು ನೋಡು. ಲಾರಿಯವನಿಗೆ ವೈನು ಮೂಗಿಗೆ ಹತ್ತಿತು. ದೊಮೆಕಾ ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ನೆವಾಡಾದ ಹೆಂಗಸು ಸೊಂಟ ಹಿಡಿದುಕೊಂಡೇ ನಕ್ಕಳು. ಥೇನ್ ನಗಲಿಲ್ಲ. ಪೆಡಲುಗಳನ್ನು ಕರವಸ್ತ್ರದಲ್ಲಿ ಸುತ್ತಿ, ಎತ್ತಿಕೊಂಡು, ಕಾಲುವೆಯ ಕಡೆಗೆ ನಡೆದ. ನಾನು ಹೋಗುವಷ್ಟರಲ್ಲಿ ಅವನು ಕಂಬಳಿ ಸರಿಸಿ, ಸೈಕಲ್ಲಿನ ಕೊಳವೆಗಳ ಮೇಲೆಲ್ಲ ಅಂಗೈ ಆಡಿಸಿ ನೋಡುತ್ತಿದ್ದ, ನೀನು ಕಾಲು ಉಳುಕಿದ ಮರಿಯನ್ನು ಮುಟ್ಟಿ ನೋಡುವ ಹಾಗೆಯೇ. ಒಂದು ಗೀರೂ ಆಗಿರಲಿಲ್ಲ.

ಮನೆಯವರೆಗಿನ ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು. "ಪೆಡಲ್ ಬಿಚ್ಚೋ ಮುಂಚೆ ನಿಮಗೆ ಹೇಳ್ಬೇಕಿತ್ತು, ನನ್ನ ತಪ್ಪು." ತಪ್ಪು ಮಾಡಿದವಳು ನಾನು, ತಪ್ಪಾಯಿತೆಂದವನು ಅವನು! ನನ್ನ ಬಾಯಿಗೆ ಆ ಮಾತು ಬರಲೇ ಇಲ್ಲ. ನಾಲಿಗೆಯ ತುದಿಗೆ ಬಂದು, ಅಲ್ಲೇ ಕೂತು, ಬಿಸಿಲು ಜಾಸ್ತಿ ಎಂದು ಬೇರೇನೋ ಆಗಿ ಹೊರಬಂತು. ಸೈಕಲ್ಲನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಲ್ಲಿಸಿದೆ, ಅವನನ್ನು ಅಂಗಳದಲ್ಲಿ ಕುರಿಗಾಹಿಗಳು ಮಲಗುವ ಬಂಡಿಯಲ್ಲಿ ಮಲಗಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಪಿಕಪ್ಪಿನ ಹಿಂದಿನ ಬಾಗಿಲು ಕಿರುಗುಟ್ಟುತ್ತಿಲ್ಲ, ಎಣ್ಣೆ ಹಾಕಿದ್ದಾನೆ. ಕೇಳದೆ ಯಾರಾದರೂ ಬೇರೆಯವರ ಗಾಡಿಯನ್ನು ಮುಟ್ಟುತ್ತಾರೆಯೆ? ಅಷ್ಟು ಬೈಸಿಕೊಂಡೂ ಸಿಟ್ಟು ಬಾರದ ಗಂಡಸನ್ನು ಹೇಗೆ ನಂಬುವುದು, ನನಗೆ ತಿಳಿಯುತ್ತಿಲ್ಲ. ಸಿಟ್ಟು ಬಂದಿದೆ, ಒಳಗಿಟ್ಟುಕೊಂಡಿದ್ದಾನೆ ಎಂದೇ ನನಗೆ ಅನ್ನಿಸುತ್ತದೆ. ಒಳಗಿಟ್ಟುಕೊಂಡ ಸಿಟ್ಟನ್ನು ಇಳಿಸುವ ಜಾಗ ಯಾವುದು, ನಮ್ಮ ಹುಡುಗಿಯೆ?

ನಾನೂ ಕೆಚಮ್‌ಗೆ ಹೋಗುವುದೆಂದು ಮಾತಾಗಿತ್ತಲ್ಲ, ಹೋಗಲಿಲ್ಲ. ನಾನು ಕಾಫಿ ಕುಡಿದು, ಅವನು ಬಿಸಿನೀರು ಕುಡಿದು, ಸೈಕಲ್ಲು ಹಲಗೆಗೆ ಏರಿದ ಮೇಲೆ ಕೀಲಿಗೊಂಚಲನ್ನು ಅವನ ಕೈಗೆ ಕೊಟ್ಟೆ. ಬೀಗದ ಕೀಲಿ ಸಮೇತ. "ನನ್ನೊಬ್ಬನ ಕೈಗಾ?" ಎಂದ. "ಫೌಸ್ತಿನೊಗೆ ಬ್ರೆಡ್ ಸುಡ್ಬೇಕು, ನಂಗೆ ಪುರುಸೊತ್ತಿಲ್ಲ. ಎಣ್ಣೆ ನೋಡ್ಕೊ. ಇಳಿಜಾರಲ್ಲಿ ಬ್ರೇಕ್ ತುಳೀತಾನೇ ಇರ್ಬೇಡ" ಎಂದೆ. ಕ್ಷಮಿಸು ಎನ್ನುವುದಕ್ಕೆ ನನಗೆ ಅಷ್ಟೇ ಬಂತು. ನಿನ್ನ ಪಿಕಪ್ಪು, ನಿನ್ನನ್ನು ಕೇಳದೆ ಕೊಟ್ಟೆ, ಬೈಯಬೇಡ. ಅವನು ಕೀಲಿಯನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನಿಂತ. ಆಮೇಲೆ ಗೇಟು ದಾಟುವಾಗ ಹಿಂದಿರುಗಿ ನೋಡಲಿಲ್ಲ. ಕೈ ಬೀಸಲಿಲ್ಲ. ನಾನು ಬೀಸಿದ್ದೆ.

ಮಧ್ಯಾಹ್ನ ಮಾಯಲೆನ್ ಹೋಟೆಲಿನಿಂದ ಫೋನ್ ಮಾಡಿದಳು. "ಸೈಕಲ್ ಬಂತಮ್ಮಾ, ಚೆನ್ನಾಗಿದೆ" ಎಂದಳು. ಅವನು ಎಂದೆ. "ಇದಾನೆ" ಎಂದಳು. ಏನಾದರೂ ಹೇಳಿದನೆ ಎಂದೆ. "ಏನು ಹೇಳ್ಬೇಕಿತ್ತು?" ಎಂದಳು. ನಾನು ಬ್ರೆಡ್ಡಿನ ಮಾತು ತೆಗೆದೆ. "ಹಿಂದೆ ಜನ ಕಾಯ್ತಿದಾರೆ, ಇಡ್ತೀನಿ" ಎಂದು ಇಟ್ಟುಬಿಟ್ಟಳು. ಆ ಇದಾನೆ ಎಂಬುದನ್ನು ಆಗಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅವನು ಏನೂ ಹೇಳದೆ ನನ್ನ ಮಾನ ಉಳಿಸಿದನೆ, ಎಲ್ಲ ಹೇಳಿ ಅವಳು ನನ್ನ ಮೇಲೆ ಮುನಿದಳೆ, ಅಥವಾ ಇಂಥ ಅತ್ತೆಯ ಮನೆ ಬೇಡವೇ ಬೇಡ ಎಂದು ಸೈಕಲ್ಲು ಇಳಿಸಿ ಹೊರಡಲು ನಿಂತಿದ್ದಾನೆಯೆ? ಹಾಗಿದ್ದರೆ ಅವನು ಇದಾನೆ ಎನ್ನುತ್ತಾಳೆಯೆ? ನಾನು ಐದನೆಯ ಕ್ಲಾಸಿಗೇ ಖಾನಾವಳಿಯ ಆಲೂಗಡ್ಡೆ ಸುಲಿಯಲು ಹೋದವಳು, ಒಂದು ಮಾತಿನೊಳಗೆ ಇಷ್ಟು ಹುಡುಕಲು ನನಗೆ ಬರುವುದಿಲ್ಲ. ಸೈಕಲ್ಲು ಕಳೆದಿದ್ದರೆ ಅವನು ಇನ್ನೊಂದು ಕಟ್ಟುತ್ತಿದ್ದ, ಅದು ನನಗೆ ಈಗ ಹೊಳೆಯುತ್ತಿದೆ. ಅವನನ್ನು ಎಲ್ಲಿಂದ ಕಟ್ಟಿಸಿ ತರಲಿ?

ಒಲೆಯಲ್ಲಿ ಬ್ರೆಡ್ಡು ಸೀದ ವಾಸನೆ ಬರುತ್ತಿದೆ, ಏಳಬೇಕು. ನಿನ್ನ ಮೇಲೂ ಹಿಂಡಿನ ಮೇಲೂ ತಾಯಿ ಮರಿಯಳ ಕೈ ಇರಲಿ. ತೋಳಗಳ ಹೆಜ್ಜೆ ಕಂಡರೆ ಒಬ್ಬನೇ ಇಳಿಯಬೇಡ. ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಹಚ್ಚು, ಸೀಸೆಯಿಂದ ನೇರ ಸುರಿದುಕೊಳ್ಳಬೇಡ, ಹೋದ ವರ್ಷ ಏನಾಯಿತು ನೆನಪಿದೆಯಲ್ಲ. ದೊಮೆಕಾ ನಮಸ್ಕಾರ ಹೇಳಿದ್ದಾಳೆ. ಎರ್ರಾಮುನ್ ಕುರಿಯ ಆರೋಗ್ಯ ವಿಚಾರಿಸಿದ್ದಾನೆ.

ನಿನ್ನವಳೇ,
ಗ್ರಾಶಿಯಾನ

ಮರೆತೆ, ಇದಕ್ಕಾಗಿಯೇ ಬರೆಯಲು ಕೂತಿದ್ದು. ಫೌಸ್ತಿನೊ ಗಾಡಿಯ ಹಾರ್ನು ಕೇಳಿಸುತ್ತಿದೆ, ನಾಳೆ ಅಲ್ಲ, ಇವತ್ತೇ ಹೊರಟನಂತೆ. ಸ್ಪರ್ಧೆ ಶನಿವಾರ ಸ್ಟಾನ್ಲಿಯಲ್ಲಿ. ಅವರು ಭಾನುವಾರ ಮಧ್ಯಾಹ್ನ ನಮ್ಮ ಪಿಕಪ್ಪಿನಲ್ಲಿ ಕಣಿವೆ ದಾಟಿ ವಾಪಸು ಬರುತ್ತಾರೆ, ನಿನ್ನ ಬಿಡಾರದ ಕೆಳಗಿನ ರಸ್ತೆಯಲ್ಲೇ. ಕುರಿಗಳನ್ನು ಆ ಬದಿಗೆ ಹೊಡೆದುಕೊಂಡು ದುರ್ಬೀನು ಹಿಡಿದು ಬಂಡೆಯ ಮೇಲೆ ಕೂತಿರು. ಸೈಕಲ್ಲಿನ ಮೇಲೆ ಕಂಬಳಿ ಇದೆಯೋ ಇಲ್ಲವೋ ನೋಡಬೇಡ. ಗಾಡಿ ನಿನ್ನನ್ನು ದಾಟಿ ಹೋದ ಮೇಲೆ ಹಿಂದಿನ ಗಾಜಿನಲ್ಲಿ ನೋಡು, ಮಾಯಲೆನ್ ಎಲ್ಲಿ ಕೂತಿದ್ದಾಳೆ, ಸೀಟಿನ ನಡುವೆ ಅವನ ಭುಜಕ್ಕೆ ತಾಗಿಕೊಂಡೋ, ಬಾಗಿಲ ಪಕ್ಕವೋ. ಅದರ ಅರ್ಥ ನಿನಗೆ ನಾನು ಹೇಳಿಕೊಡಬೇಕಿಲ್ಲ. ಮದುವೆಗೆ ಮುಂಚೆ ನಿನ್ನ ಗಾಡಿಯಲ್ಲಿ ನಾನು ಬಾಗಿಲ ಪಕ್ಕ ಕೂತದ್ದು ಒಂದೇ ದಿನ, ನೀನು ನಮ್ಮಣ್ಣನ ಮೇಲೆ ಕೈಮಾಡಿದ ದಿನ. ನಡುವೆ ಕಂಡರೆ ಫೌಸ್ತಿನೊ ಕೈಲಿ ಒಂದು ಸಾಲು ಬರೆದು ಕಳಿಸು, ನಾನು ಉಸಿರಾಡುತ್ತೇನೆ. ಆದರೆ ಸೈಕಲ್ಲಿನ ಹ್ಯಾಂಡಲು ಸರಿಯಾಗಿ ಗಾಜಿನ ನಡುವೆ ನಿಂತಿರುತ್ತದೆ, ದೂರದಿಂದ ತಲೆಯ ಹಾಗೆಯೇ ಕಾಣುತ್ತದೆ. ಒಂದು ಸಲ ನೋಡಿ ಸುಮ್ಮನಾಗಬೇಡ, ಬೆತ್ತಿರಿ. ಮುಂದಿನ ತಿರುವಿನಲ್ಲಿ ಗಾಡಿ ಓರೆಯಾಗುತ್ತದಲ್ಲ, ಅಲ್ಲಿ ಇನ್ನೊಂದು ಸಲ ನೋಡು.